ನೋಖದಾನ ಬಲೆ

ವಿಮಾನ ನಿಲ್ದಾಣ

ಕುವೈತಿನಲ್ಲಿ ಇಳಿದು ಇನ್ನೂ ಹೊರಗೆ ಕಾಲಿಟ್ಟಿರಲಿಲ್ಲ, ಅಷ್ಟರಲ್ಲೇ ಒಬ್ಬ ಅಧಿಕಾರಿ ನನಗೆ ಊಟವಾಯಿತೇ ಎಂದು ಕೇಳಿದ. ಗಾಜಿನ ಗೂಡಿನಲ್ಲಿ ಕುಳಿತಿದ್ದ ಅವನು ಬಾಯಿ ತೆರೆದು ಏನನ್ನೂ ಹೇಳಲಿಲ್ಲ. ಐದೂ ಬೆರಳುಗಳ ತುದಿ ಜೋಡಿಸಿ ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದ, ಅಷ್ಟೆ. ನಮ್ಮ ಕಡೆ ಹೊರಟು ನಿಂತ ಬಸ್ಸಿನೊಳಗಿನವರನ್ನು ರಸ್ತೆಯ ಮೇಲಿನವರು ವಿಚಾರಿಸುವುದು ಹೀಗೆಯೇ. ಪರದೇಶದಲ್ಲಿ, ಅದೂ ಪಾಸ್‌ಪೋರ್ಟ್ ನೋಡುವ ಜಾಗದಲ್ಲಿ ಇಂಥ ಆದರ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ಹೊಟ್ಟೆ ಸವರಿಕೊಂಡು, ವಿಮಾನದಲ್ಲೇ ಆಯಿತು ಎಂದು ಸನ್ನೆ ಮಾಡಿ, ನಗುತ್ತಾ ಅವನ ಕಡೆ ನಡೆದೆ. ಅವನು ಮತ್ತೆ ಕೇಳಿದ, ಈ ಸಲ ಕೊಂಚ ಬಿರುಸಾಗಿ. ನಾನೂ ಬಿರುಸಾಗಿಯೇ ಹೊಟ್ಟೆ ಸವರಿದೆ. ಕೊನೆಗೆ ಅವನು ಎದ್ದು ನಿಂತು ಕೇಳಿದಾಗ ಮಾತ್ರ, ಇದು ಉಪಚಾರದ ಮುಖವಲ್ಲ ಎಂಬ ಅನುಮಾನ ಬಂತು.

ಹಿಂದಿದ್ದ ಮಲಯಾಳಿ ಹೆಂಗಸು ನನ್ನ ಸೆರಗು ಹಿಡಿದೆಳೆದಳು. "ಬೆಹನ್‌ಜಿ, ರುಕೋ ಬೋಲ್ ರಹಾ ಹೈ," ಎಂದಳು. ಇಲ್ಲಿ ಆ ಸನ್ನೆಗೆ ಸ್ವಲ್ಪ ತಾಳು ಎಂದು ಅರ್ಥವಂತೆ. ಮುಂದಿನವರ ಕೆಲಸ ಮುಗಿಯುವ ತನಕ ನೆಲದ ಹಳದಿ ಗೆರೆಯ ಹಿಂದೆ ನಿಲ್ಲಬೇಕಿತ್ತು. ನಾನು ಗೆರೆ ದಾಟಿ ಹೋಗಿ ಅವನ ಗಾಜಿನೆದುರು ಹೊಟ್ಟೆ ಸವರಿಕೊಳ್ಳುತ್ತಾ ನಿಂತಿದ್ದೆ.

ಅರ್ಥ ತಿಳಿದ ಮೇಲೂ ನನಗೆ ಬುದ್ಧಿ ಬರಲಿಲ್ಲ. ರಸ್ತೆ ದಾಟುವಾಗ ಕಾರಿನವನು, ಅಂಗಡಿಯಲ್ಲಿ ಗಲ್ಲಾದವನು, ಲಿಫ್ಟಿನಲ್ಲಿ ಮಗುವನ್ನೆತ್ತಿಕೊಂಡ ತಾಯಿ, ಎಲ್ಲರೂ ಬೆರಳು ಕೂಡಿಸುವವರೇ. ಪ್ರತಿ ಸಲವೂ ನನ್ನ ಬಾಯಿ ತಾನಾಗಿಯೇ "ಆಯ್ತು" ಎನ್ನುತ್ತಿತ್ತು. ಅಭ್ಯಾಸ ಬಲ ಎಂದರೆ ಇದೇ ಇರಬೇಕು.

ರಿಗ್ಗೈ

ನನ್ನನ್ನು ಕರೆಸಿಕೊಂಡವಳು ಐರಿನ್. ನಾವಿಬ್ಬರೂ ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವಳು ಹೊನ್ನಾವರದ ಕೊಂಕಣಿ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ನಾನು ಮಂಗಳೂರು ಬಂದರಿನ ಓಣಿಯಲ್ಲಿ ತುಳು ಮಾತಾಡುತ್ತಾ ಬೆಳೆದವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಮುಂದೆ ನಾನು ಹುಬ್ಬಳ್ಳಿಯಲ್ಲೇ ಸಂಸಾರ ಹೂಡಿದೆ, ಅವಳು ಕುವೈತಿಗೆ ಹಾರಿದಳು. ಒಂದು ಸಲ ಬಂದು ಹೋಗೇ ಎಂದು ವರ್ಷಗಟ್ಟಲೆ ಕರೆದಳು. ನಿವೃತ್ತಿಯ ಮರು ಚಳಿಗಾಲ ನಾನೂ ಹೊರಟೇಬಿಟ್ಟೆ.

ರಿಗ್ಗೈ ಎಂಬಲ್ಲಿ ಅವಳ ಮನೆ. ಒಂದರ ಪಕ್ಕ ಒಂದು ಬೂದು ಬಣ್ಣದ ಕಟ್ಟಡಗಳು, ಬಾಲ್ಕನಿ ತುಂಬ ಒಣಗಲು ಹಾಕಿದ ಸಮವಸ್ತ್ರಗಳು, ಮೆಟ್ಟಿಲಲ್ಲಿ ಮೀನು ಹುರಿಯುವ ವಾಸನೆ. ಅರಬ್ ದೇಶ ನೋಡಲು ಬಂದವಳಿಗೆ ಮೊದಲ ಎರಡು ದಿನ ಕಾಣಿಸಿದ್ದು ಕಾರವಾರ ಜಿಲ್ಲೆಯೇ. ಐರಿನ್‌ಳ ಗಂಡ ಜೋಕಿಂ ಕುಮಟೆಯವನು, ಶುಐಬಾದ ಕಾರ್ಖಾನೆಗಳ ನಡುವೆ ಯಾವುದೋ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಅವರ ಮಗಳಿಗೆ ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನನಗೆ ಹಳೆಯ ಟ್ರಂಕ್ ಲೈನುಗಳ ನೆನಪಾಯಿತು, ಆ ಕಡೆಯಿಂದ ಈ ಕಡೆಗೆ ಬೇರೆಯೇ ದನಿ.

ಮೂರನೆಯ ದಿನ ಬೆಳಿಗ್ಗೆ ಐರಿನ್ ಚಹಾದ ಲೋಟ ಕೆಳಗಿಟ್ಟು ಅಡುಗೆಮನೆಯ ಬಾಗಿಲು ಹಾಕಿದಳು. ಬಾಗಿಲು ಹಾಕಿದ ಮೇಲೆ ಅವಳು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

"ಒಂದು ಶಬ್ದ ಅದೆ ಸುಮಿ. ಅದರ ಅರ್ಥ ಗೊತ್ತಾಗದೆ ಇದ್ರೆ ನಮ್ಮ ಅಜ್ಜ ಉಳಿಯೂದಿಲ್ಲ ಮಾರಾಯ್ತಿ," ಎಂದಳು.

ಅಜ್ಜ ಎಂದರೆ ಅವಳ ಅಜ್ಜನಲ್ಲ. ಆಸ್ಪತ್ರೆ ಬಿಟ್ಟ ಮೇಲೆ ಅವಳು ಬ್ನೇದ್ ಅಲ್ ಗಾರ್‌ನ ಒಂದು ಕುವೈತಿ ಮನೆಯಲ್ಲಿ ಹಗಲು ಹೊತ್ತು ಒಬ್ಬ ಮುದುಕರ ಆರೈಕೆ ನೋಡಿಕೊಳ್ಳುತ್ತಿದ್ದಳು. ಅವರು ಒಂದು ಕಾಲದ ನೋಖದಾ, ಅಂದರೆ ಹಾಯಿಹಡಗಿನ ಯಜಮಾನ. ಎಣ್ಣೆ ಬರುವ ಮುಂಚೆ ವರ್ಷವರ್ಷವೂ ಖರ್ಜೂರ ತುಂಬಿಸಿಕೊಂಡು ನಮ್ಮ ಕರಾವಳಿಗೆ ಬಂದು, ಮರ, ಅಕ್ಕಿ, ಹಂಚು ಹೇರಿಕೊಂಡು ಮರಳುತ್ತಿದ್ದವರು. ಈಗ ಅವರಿಗೆ ಮಕ್ಕಳ ಹೆಸರೂ ನೆನಪಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಲವು ವಾರಗಳಿಂದ ಊಟ ಬಿಟ್ಟಿದ್ದಾರೆ, ನಾಲ್ಕು ಗುಟುಕು ಹಾಲಿನ ಮೇಲೆ ಇದ್ದಾರೆ. ಚಮಚ ಕಂಡರೆ ಬಾಯಿ ಬಿಗಿ ಹಿಡಿಯುತ್ತಾರೆ. ಈ ವಾರ ಹೀಗೇ ಮುಂದುವರಿದರೆ ಮೂಗಿನಿಂದ ನಳಿಗೆ ಹಾಕುತ್ತೇವೆ ಎಂದು ಡಾಕ್ಟರು ಹೇಳಿಹೋಗಿದ್ದಾರೆ. ಅಜ್ಜ ಒಮ್ಮೆ ಕೈಗೆ ಚುಚ್ಚಿದ್ದ ಸೂಜಿಯನ್ನೇ ಕಿತ್ತೆಸೆದವರು, ಮೂಗಿನ ನಳಿಗೆ ಇಟ್ಟುಕೊಳ್ಳುತ್ತಾರೆಯೇ? ಕೈ ಕಟ್ಟಬೇಕಾಗುತ್ತದೆ ಎಂದಳು ಐರಿನ್.

ಊಟದ ಹೊತ್ತಿಗೆ ಮಾತ್ರ ಅಜ್ಜ ಬಾಗಿಲ ಕಡೆ ನೋಡಿ ಒಂದು ಶಬ್ದ ಹೇಳುತ್ತಾರಂತೆ: ಬಲೆ. ಮನೆಯವರಿಗೆ ಅದು ಯಾವ ಭಾಷೆಯೆಂದೇ ತಿಳಿಯದು. ಡ್ರೈವರು ಮಲಯಾಳವಲ್ಲ ಎಂದ. ಯಾರೋ ಆಫ್ರಿಕಾದ ಭಾಷೆ ಎಂದರು, ಹಡಗು ಅಲ್ಲಿಗೂ ಹೋಗುತ್ತಿತ್ತಲ್ಲ. ಐರಿನ್ ತನ್ನ ಕನ್ನಡದ ಬಲದಿಂದ ಇದು ಮೀನಿನ ಬಲೆಯೇ ಎಂದು ತೀರ್ಮಾನಿಸಿ, ಸಮುದ್ರದ ಮನುಷ್ಯ ಪಾಪ ಎಂದು ಒಂದು ಬಲೆ ತರಿಸಿ ಅವರ ಮಡಿಲಲ್ಲಿಟ್ಟಳು. ಅವರು ಅದರಲ್ಲಿ ಬೆರಳು ಸಿಕ್ಕಿಸಿಕೊಂಡು ಕೂಗಾಡಿದರು, ಕತ್ತರಿಯಿಂದ ಬಿಡಿಸಬೇಕಾಯಿತು. ಆಮೇಲೆ ಅವಳಿಗೆ ಅದು ಬಾಳೆ ಎಂದು ಹೊಳೆಯಿತು. ಬಾಳೆಹಣ್ಣು ಕೊಟ್ಟಳು. ಒಂದು ದಿನ ಅರ್ಧ ತಿಂದರು, ಇವಳು ಗೆದ್ದೆ ಎಂದುಕೊಂಡಳು. ಮರುದಿನ ಅದೇ ಹಣ್ಣು ಇವಳ ಮೇಲೆಯೇ ಬಂದು ಬಿತ್ತು.

ಇಲ್ಲಿರುವ ಮಂಗಳೂರಿನವರನ್ನೇ ಕೇಳಬಾರದಿತ್ತೇ ಎಂದೆ. ಐರಿನ್ ಕಣ್ಣು ಅಗಲಿಸಿದಳು. ಆ ಮನೆಯ ಅಜ್ಜಿಗೆ, ಅಂದರೆ ಅಜ್ಜನ ಹೆಂಡತಿಗೆ, ಇದು ಮಾನದ ಪ್ರಶ್ನೆಯಂತೆ, ಏಕೆಂದರೆ ಆಕೆಯ ಪ್ರಕಾರ ಬಲೆ ಎಂಬುದು ಒಬ್ಬ ಹೆಂಗಸು. ಇಲ್ಲಿ ಯಾರದಾದರೂ ಕಿವಿಗೆ ಹಾಕಿದರೆ ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಯುವುದರೊಳಗೆ ಇಡೀ ಕುವೈತಿಗೆ ಗೊತ್ತಾಗುತ್ತದೆ. ನೀನಾದರೆ ಮುಂದಿನ ವಾರ ಹೋಗುವವಳು, ಬಾಯಿಯನ್ನೂ ಜೊತೆಗೇ ತಗೊಂಡು ಹೋಗುತ್ತಿ ಎಂದಳು. ನನ್ನ ಬಾಯಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ಯಾರೂ ಆಡಿದ್ದಿಲ್ಲ.

ಶುಐಬಾ

ನನ್ನನ್ನು ಆ ಮನೆಗೆ ಕರೆದೊಯ್ಯಲು ಅಜ್ಜಿಯ ಅಪ್ಪಣೆ ಸಿಗುವ ತನಕ ಸುಮ್ಮನೆ ಕೂರಬೇಡಿ ಎಂದು ಜೋಕಿಂ ನನ್ನನ್ನು ಕಾರಿನಲ್ಲಿ ಸುತ್ತಿಸಿದ. ನನಗೆ ಬಂದರು ತೋರಿಸಪ್ಪಾ ಎಂದಿದ್ದೆ. ನನ್ನ ತಲೆಯಲ್ಲಿದ್ದ ಬಂದರೆಂದರೆ ಹಾಯಿ, ಹಗ್ಗ, ಮೀನು, ಬೈಗುಳ. ಜೋಕಿಂನ ತಲೆಯಲ್ಲಿದ್ದ ಬಂದರು ಶುಐಬಾ. ತೆಂಕಣದ ಹೆದ್ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಮೊದಲು ವಾಸನೆ ಬಂತು, ಆಮೇಲೆ ಚಿಮಣಿಗಳು ಬಂದವು, ಆಮೇಲೆ ಚಿಮಣಿಗಳ ತುದಿಯಲ್ಲಿ ಹಾಡೇಹಗಲು ಉರಿಯುವ ಬೆಂಕಿ. ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳನ್ನು ಕಂಡು ಮೂಗು ಮುಚ್ಚಿಕೊಂಡವಳು ನಾನು. ಇದರ ಮುಂದೆ ಅದು ಅಗರಬತ್ತಿ ಅಂಗಡಿ.

ಸಮುದ್ರ ಎಲ್ಲಿ ಎಂದು ಕೇಳಿದೆ. ಪೈಪಿನ ಆಚೆ ಎಂದ. ಯಾವ ಪೈಪಿನ ಆಚೆ ಎಂದೆ. ಎಲ್ಲಾ ಪೈಪಿನ ಆಚೆ ಎಂದ. ಕೊಡದಷ್ಟು ದಪ್ಪದವು, ಕೋಣೆಯಷ್ಟು ದಪ್ಪದವು, ಬಾಗಿ, ಹೊರಳಿ, ಒಂದರ ಮೇಲೊಂದು ಹತ್ತಿ ಹೋಗುವ ಪೈಪುಗಳು. ಜೋಕಿಂಗೆ ಅವುಗಳಲ್ಲಿ ಯಾವುದರಲ್ಲಿ ಏನು ಹರಿಯುತ್ತದೆಂದು ಗೊತ್ತಿತ್ತು, ಅತ್ತಿಗೆ ನಾದಿನಿಯರನ್ನು ಪರಿಚಯಿಸುವಂತೆ ಒಂದೊಂದನ್ನೂ ಪರಿಚಯಿಸಿದ. ಒಂದು ಕಡೆ ಮಾತ್ರ ನಾನು ನಿಜವಾಗಿ ಬೆರಗಾದೆ. ಇಲ್ಲಿ ಕುಡಿಯುವ ನೀರನ್ನೂ ಕಾರ್ಖಾನೆಯಲ್ಲೇ ಮಾಡುತ್ತಾರೆ, ಸಮುದ್ರವನ್ನು ಕಾಯಿಸಿ. ಅಜ್ಜನ ಕಾಲದಲ್ಲಿ ಸಿಹಿನೀರು ದೂರದ ನದಿಯಿಂದ ದೋಣಿಯಲ್ಲಿ ಬರುತ್ತಿತ್ತಂತೆ. ನೀರಿಗೂ ಹಡಗನ್ನೇ ಕಾಯುತ್ತಿದ್ದ ಊರು ಈಗ ನೀರನ್ನೇ ಎರಕ ಹೊಯ್ಯುತ್ತಿದೆ. ನಮ್ಮಲ್ಲಿ ಮೂರು ತಿಂಗಳು ಬಿಟ್ಟೂಬಿಡದೆ ಸುರಿಸಿಕೊಂಡೂ ಏಪ್ರಿಲ್ ಬಂದರೆ ಟ್ಯಾಂಕರಿನ ಹಿಂದೆ ಓಡುತ್ತೇವೆ. ಇದನ್ನು ಜೋಕಿಂಗೆ ಹೇಳಿದೆ. ಅವನು ಇನ್ನೊಂದು ಪೈಪು ತೋರಿಸಿದ.

ಒಂದು ಗೇಟಿನ ಬಳಿ ದಾರಿ ತಪ್ಪಿತು. ಕಾವಲಿನವನು ಹತ್ತಿರ ಬಂದು ಬೆರಳು ಕೂಡಿಸಿದ. ನನ್ನ ಮಡಿಲಲ್ಲಿ ಊರಿಂದ ತಂದ ಚಕ್ಕುಲಿಯ ಡಬ್ಬಿಯಿತ್ತು, ಕಿಟಕಿಯಿಂದ ಎರಡು ಚಕ್ಕುಲಿ ಚಾಚಿದೆ. ಈ ಸಲ ಅರ್ಥ ಗೊತ್ತಿದ್ದೇ ಚಾಚಿದ್ದು. ತಾಳು ಎಂದವನಿಗೆ ಹಸಿವಿರಬಾರದೆಂದೇನಿಲ್ಲವಲ್ಲ. ಅವನು ಅತ್ತಿತ್ತ ನೋಡಿ ಒಂದನ್ನು ಕಿಸೆಗೆ ಹಾಕಿ, ಇನ್ನೊಂದನ್ನು ಮುರಿದು ಬಾಯಿಗಿಟ್ಟುಕೊಂಡು, ರಸ್ತೆಯತ್ತ ಕೈ ತೋರಿಸಿ "ಸೀದಾ, ಸೀದಾ" ಎಂದ. ಕನ್ನಡದವನು ಸಿಕ್ಕಿದನೆಂದು ನಾನು ಊರು ಯಾವುದೆಂದು ವಿಚಾರಿಸತೊಡಗಿದೆ. ಅಕ್ಕ, ಅವರದ್ದೂ ಅದೇ ಶಬ್ದವೇ ಎಂದು ಜೋಕಿಂ ಕಾರು ಹೊರಡಿಸಿದ. ನಮ್ಮ ಕಡೆಯ ಎಷ್ಟೋ ಮಾತುಗಳು ಮರದ ಜೊತೆ, ಅಕ್ಕಿಯ ಜೊತೆ ಹಡಗು ಹತ್ತಿ ಬಂದು ಇಲ್ಲಿ ಬೇರು ಬಿಟ್ಟಿವೆಯಂತೆ.

ಹಳೆಯ ಬಂದರು

ಅಪ್ಪಣೆ ಸಿಕ್ಕ ದಿನ ಐರಿನ್ ನನ್ನನ್ನು ಮೊದಲು ಶರ್ಖ್‌ನ ಮೀನು ಮಾರುಕಟ್ಟೆಗೆ ಕರೆದೊಯ್ದಳು. ಅದರ ಪಕ್ಕದಲ್ಲೇ ಹಳೆಯ ಬಂದರಿನ ಉಳಿಕೆಯಿದೆ. ಗಾಜಿನ ಗಗನಚುಂಬಿಗಳ ಕಾಲ ಬುಡದಲ್ಲಿ ಒಂದು ಹಿಡಿ ನೀರು, ಅದರಲ್ಲಿ ಸಾಲಾಗಿ ಮರದ ಹಡಗುಗಳು. ನಾನು ಹುಡುಕುತ್ತಿದ್ದದ್ದು ಇಲ್ಲಿತ್ತು: ಹಗ್ಗ, ಮೀನು, ಬೈಗುಳ, ಮೂರೂ. ಹಾಯಿ ಮಾತ್ರ ಇರಲಿಲ್ಲ, ಎಲ್ಲಕ್ಕೂ ಇಂಜಿನ್ನು ಬಂದಿದೆ. ಒಂದರ ಮೈ ಮುಟ್ಟಿ ನೋಡಿದೆ. ತೇಗ. ಇದು ನಮ್ಮ ಘಟ್ಟದ ಮರವೇ ಇರಬೇಕು ಎಂದು ಐರಿನ್‌ಗೆ ಹೇಳಿದೆ. ನೀನು ಏನು ಮುಟ್ಟಿದರೂ ಅದು ನಿಮ್ಮ ಊರಿನದ್ದೇ ಎಂದಳು.

ಮಾರುಕಟ್ಟೆಯೊಳಗೆ ಮಾಂಜಿ ಮೀನು ರಾಶಿರಾಶಿ ಬಿದ್ದಿತ್ತು. ನಮ್ಮಲ್ಲಿ ನೆಂಟರು ಬಂದಾಗ ಒಂದನ್ನು ತಂದು ನಾಲ್ಕು ತುಂಡು ಮಾಡುವ ಮೀನು. ಇಲ್ಲಿ ಅದಕ್ಕೆ ಜುಬೈದಿ ಎಂದು ಹೆಸರು, ಇಡೀ ದೇಶದ ಪ್ರೀತಿಯ ಮೀನು, ಅದನ್ನೂ ಅನ್ನದ ಜೊತೆಗೇ ತಿನ್ನುತ್ತಾರೆ. ಅನ್ನ ಮೀನು ತಿನ್ನುವವರನ್ನು ಪರಕೀಯರೆನ್ನಲು ನನಗೆ ಮನಸ್ಸಾಗಲಿಲ್ಲ. ಐರಿನ್ ಅಜ್ಜಿಯ ಮನೆಗೆಂದು ಒಳ್ಳೆಯದನ್ನು ಆರಿಸಿದಳು. ಅಜ್ಜನಿಗೂ ಇದು ಇಷ್ಟವೇ ಎಂದು ಕೇಳಿದೆ. ಅವರಿಗೆ ಮೆತ್ತಗಿನ ಗಂಜಿಯಂಥದ್ದು ಮಾತ್ರ, ಡಾಕ್ಟರ ಕಟ್ಟಪ್ಪಣೆ ಎಂದಳು. ಹುಟ್ಟಿದಾಗಿನಿಂದ ಮೀನು ತಿಂದ ಮನುಷ್ಯನ ಮುಂದೆ ಗಂಜಿ ಹಿಡಿದರೆ ಬಾಯಿ ಬಿಡುವುದು ಹೇಗೆ ಎಂದು ನನಗೆ ಆಗಲೇ ಅನ್ನಿಸಿತು. ಆದರೆ ನರ್ಸಿಗೆ ಬುದ್ಧಿ ಹೇಳಿ ಉಳಿದವರಿಲ್ಲ, ಸುಮ್ಮನಿದ್ದೆ.

ಬ್ನೇದ್ ಅಲ್ ಗಾರ್

ಗಾರ್ ಎಂದರೆ ಡಾಂಬರು. ಹಿಂದೆ ಇಲ್ಲಿ ದೋಣಿಗಳಿಗೆ ಡಾಂಬರು ಬಳಿಯುತ್ತಿದ್ದರಂತೆ. ಈಗ ಅಪಾರ್ಟ್‌ಮೆಂಟುಗಳು. ಅವುಗಳ ನಡುವೆ ಒಂದು ಅಗಲವಾದ ಹಳೆಯ ಮನೆ. ಎಲ್ಲರೂ ಹೊಸ ಬಡಾವಣೆಗೆ ಹೋದರೂ ನೋಖದಾ ಸಮುದ್ರ ಬಿಟ್ಟು ಬರುವುದಿಲ್ಲ ಎಂದು ಹಠ ಹಿಡಿದು ಕುಳಿತ ಮನೆ ಅದು. ಹಿರಿಯ ಮಗ ಖಾಲಿದ್ ಎಣ್ಣೆ ಕಂಪನಿಯಲ್ಲಿ ದೊಡ್ಡ ಇಂಜಿನಿಯರು, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಾನಂತೆ. ತಾಯಿಯನ್ನು ಎಲ್ಲರೂ ಉಮ್ ಖಾಲಿದ್, ಖಾಲಿದನ ತಾಯಿ, ಎಂದೇ ಕರೆಯುತ್ತಾರೆ. ಇಲ್ಲಿಯ ಪದ್ಧತಿ ಹಾಗೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಇಲ್ಲಿ ಲೋಕವೇ ಹೆಂಡತಿಯ ಹೆಸರು ಹೇಳುವುದಿಲ್ಲ.

ಉಮ್ ಖಾಲಿದ್ ಹಗುರ ಮೈಯ, ಗಟ್ಟಿ ದನಿಯ ಹೆಂಗಸು. ಎಂಬತ್ತರ ಆಸುಪಾಸು. ನನ್ನನ್ನು ತಲೆಯಿಂದ ಕಾಲತನಕ ನೋಡಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಕಾಫಿ ಕೊಟ್ಟರು. ಆಕೆಯ ಅರಬಿಯನ್ನು ಮೊಮ್ಮಗಳು ನೂರಾ, ಕಾಲೇಜು ಓದುವ ಹುಡುಗಿ, ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅಜ್ಜಿ ಸುತ್ತಿ ಬಳಸಲಿಲ್ಲ. ನಿಮ್ಮ ಮಂಗಳೂರಿನಲ್ಲಿ ಬಲೆ ಎಂಬ ಹೆಸರು ಇದೆಯೇ ಎಂದು ಕೇಳಿಸಿದರು.

ನಾನು ಆಗ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಯಾರಾದರೂ ಕನ್ನಡದ ಬಗ್ಗೆ ಕೇಳಿದರೆ ನನಗೆ ಮೈಯೆಲ್ಲ ಬಾಯಿ. ಹೆಸರು ಕೇಳಿದ್ದಿಲ್ಲ, ಆದರೆ ಬಾಲೆ ಎಂಬ ಮಾತಿದೆ, ಅದಕ್ಕೆ ಹುಡುಗಿ ಎಂದು ಅರ್ಥ, ಎಳೆಯ ಪ್ರಾಯದ ಚೆಂದದ ಹುಡುಗಿ, ಎಂದುಬಿಟ್ಟೆ. ನೂರಾ ಪ್ರಾಮಾಣಿಕ ಹುಡುಗಿ, ಚೆಂದವನ್ನೂ ಬಿಡದೆ ಅಜ್ಜಿಗೆ ದಾಟಿಸಿದಳು. ಉಮ್ ಖಾಲಿದ್ ಲೋಟವನ್ನು ತಟ್ಟೆಯ ಮೇಲಿಟ್ಟರು. ಐರಿನ್ ನನ್ನ ತೊಡೆ ಚಿವುಟಿದ ಗುರುತು ಹುಬ್ಬಳ್ಳಿಗೆ ಮುಟ್ಟುವ ತನಕ ಇತ್ತು.

ಆಮೇಲೆ ಅಜ್ಜಿ ಎಲ್ಲ ಹೇಳಿದರು. ಮದುವೆಯಾದ ಮೊದಲ ವರ್ಷ ಹಡಗಿನಿಂದ ಮರಳಿದ ಗಂಡ ನಿದ್ದೆಯಲ್ಲಿ ಬಲೆ, ಬಲೆ ಎಂದರಂತೆ. ಅದರ ಹಿಂದೆಯೇ ಇನ್ನೊಂದು ಮಾತು: ವನಸ್. ಆಕೆಯ ಮಾತಿನಲ್ಲಿ ವನಾಸಾ ಎಂದರೆ ಮೋಜು, ಮಜಾ. ಹೆಸರೂ ಸಿಕ್ಕಿತು, ಕೆಲಸವೂ ಸಿಕ್ಕಿತು, ಇನ್ನು ಕೇಳುವುದೇನಿದೆ? ಒಮ್ಮೆ ಕೇಳಿದ್ದಕ್ಕೆ ಗಂಡ ನಕ್ಕು, ಮಂಗಳೂರಿನ ಜನ ಬಹಳ ಒಳ್ಳೆಯವರು ಎಂದರಂತೆ. ನಗುವ ಗಂಡಸು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಆಕೆಗೆ ಹೆತ್ತ ತಾಯಿ ಹೇಳಿಕೊಟ್ಟಿದ್ದರು. ಅಂದಿನಿಂದ ಆ ಮನೆಯಲ್ಲಿ ಆ ಎರಡೂ ಮಾತಿಗೆ ನಿಷೇಧ. ಗಂಡನೂ ಎಚ್ಚರದಲ್ಲಿ ಎಂದೂ ಆಡಲಿಲ್ಲ. ಈಗ ನೆನಪಿನ ಬೇಲಿ ಮುರಿದು, ಸೊಸೆಯರ ಮುಂದೆ, ಮೊಮ್ಮಕ್ಕಳ ಮುಂದೆ, ದಿನಾ ಅದನ್ನೇ ಕರೆಯುತ್ತಿದ್ದಾರೆ. ನಾನು ಊಟ ಹಿಡಿದು ಮುಂದೆ ನಿಂತರೆ ಅವಳನ್ನು ಕರೆಯುತ್ತಾರೆ ಎಂದರು ಅಜ್ಜಿ. ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಗೋಡೆಯ ಕಡೆಗಿತ್ತು. ನನಗೆ ಅಯ್ಯೋ ಅನ್ನಿಸಿತು.

ಮಧ್ಯಾಹ್ನವಾಯಿತು. ನೋಖದಾರ ಕೋಣೆಗೆ ನಾವೆಲ್ಲ ಹೋದೆವು. ಆಸ್ಪತ್ರೆಯಂಥ ಮಂಚ, ಅದರ ಮೇಲೆ ದಿಂಬಿಗೊರಗಿದ ಎತ್ತರದ ಮುದುಕರು, ಬಿಳಿ ಗಡ್ಡ, ಕೊರಳಿಗೆ ಮಕ್ಕಳಿಗೆ ಕಟ್ಟುವಂತೆ ಕಟ್ಟಿದ ಬಟ್ಟೆ. ಹಡಗು ಆಳಿದ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಐರಿನ್ ಗಂಜಿಯಂಥದ್ದನ್ನು ಚಮಚದಲ್ಲಿ ಹಿಡಿದಳು. ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಮತ್ತೆ ಹಿಡಿದಳು, ಕೈಯಿಂದ ತಳ್ಳಿದರು. ಆಮೇಲೆ ಬಾಗಿಲ ಕಡೆ ನೋಡುತ್ತಾ, ಹಲ್ಲಿಲ್ಲದ ಬಾಯಲ್ಲಿ, ರಾಗವಾಗಿ ಕರೆದರು.

"ಬಲೆ, ಬಲೆ, ಬಲೆ... ವಣಸ್... ಬಲೆ."

ನನ್ನ ಕಿವಿ ಎಕ್ಸ್‌ಚೇಂಜಿನ ಕಿವಿ. ಮಳೆಗಾಲದ ಲೈನಿನಲ್ಲಿ ಗೊರಗೊರ ಎನ್ನುವ ಸದ್ದಿನ ನಡುವಿಂದ ಹೆಸರು, ಊರು ಹೆಕ್ಕಿ ತೆಗೆದು ಪಳಗಿದ್ದು. ಮೊದಲು ಹಿಡಿದದ್ದು ಶಬ್ದವನ್ನಲ್ಲ, ರಾಗವನ್ನು. ನಮ್ಮ ಬಂದರಿನ ಓಣಿಯಲ್ಲಿ ಊಟದ ಅಂಗಡಿಯವರು ಮಧ್ಯಾಹ್ನ ಬಾಗಿಲಲ್ಲಿ ನಿಂತು ಹಮಾಲರನ್ನು, ಖಲಾಸಿಗಳನ್ನು, ದಾರಿಹೋಕರನ್ನು ಕರೆಯುವ ರಾಗ ಅದು. ನಾನು ಶಾಲೆಯಿಂದ ಬರುವಾಗ ದಿನಾ ಕೇಳಿದ್ದು. ಅಪ್ಪಟ ತುಳು. ಐರಿನ್ ಬಲೆ ಎಂದಾಗ ನನಗೆ ಕನ್ನಡದ ಬಲೆಯೇ ಕೇಳಿಸಿತ್ತು, ಅಜ್ಜಿ ಹೆಸರು ಎಂದಾಗ ಹೆಸರನ್ನೇ ಹುಡುಕಿದ್ದೆ.

ನಾನು ನಕ್ಕುಬಿಟ್ಟೆ. ಮೆಲ್ಲಗಲ್ಲ, ಗೊಳ್ಳನೆ. ಅನ್ನ ಬಿಟ್ಟ ಮನುಷ್ಯನ ಕೋಣೆಯಲ್ಲಿ, ಅರವತ್ತು ವರ್ಷ ನೊಂದ ಹೆಂಡತಿಯ ಎದುರು.

ಎಲ್ಲರೂ ನನ್ನತ್ತ ತಿರುಗಿದರು. ನಾನು ಕಣ್ಣೊರೆಸಿಕೊಂಡು ಕನ್ನಡದಲ್ಲಿ ಐರಿನ್‌ಗೆ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ನೂರಾಗೆ ಹೇಳಿದಳು, ನೂರಾ ಅರಬಿಯಲ್ಲಿ ಅಜ್ಜಿಗೆ. ಬಲೆ ಎಂದರೆ ಬನ್ನಿ ಎಂದರ್ಥ. ವಣಸ್ ಎಂದರೆ ಊಟ. ಬನ್ನಿ ಬನ್ನಿ, ಊಟಕ್ಕೆ ಬನ್ನಿ. ಅದು ಹೆಂಗಸಲ್ಲ ಅಜ್ಜಿ, ಬರೀ ಕ್ರಿಯಾಪದ.

ಕ್ರಿಯಾಪದವನ್ನು ಅರಬಿಗೆ ದಾಟಿಸಲು ನೂರಾಗೆ ಸ್ವಲ್ಪ ಹೊತ್ತು ಹಿಡಿಯಿತು. ಉಮ್ ಖಾಲಿದ್ ಸಂತೋಷಪಡುತ್ತಾರೆ ಎಂದು ನಾನು ಕಾದೆ. ಆಕೆ ಮೊದಲು ಕೇಳಿದ್ದು, ಹಾಗಾದರೆ ಕರೆಯುತ್ತಿದ್ದವರು ಯಾರು ಎಂದು. ನಮ್ಮ ಓಣಿಯ ಊಟದ ಅಂಗಡಿಗಳಲ್ಲಿ ಅರ್ಧಕ್ಕರ್ಧ ನಡೆಸುತ್ತಿದ್ದವರು ಹೆಂಗಸರು. ಅವರಲ್ಲಿ ಕೆಲವರು ಚೆಂದವಾಗಿಯೂ ಇದ್ದರು. ಆದರೆ ಅಂದು ನನ್ನ ಬಾಯಿ ಮೊದಲ ಬಾರಿಗೆ ಮಾತು ಕೇಳಿತು. ದೊಡ್ಡ ಮೀಸೆಯ ಗಂಡಸರು ಎಂದೆ.

ಅಜ್ಜಿಗೆ ಈಗ ನಿಜವಾಗಿ ಸಿಟ್ಟು ಬಂತು. ಹೆಂಗಸಾಗಿದ್ದರೆ ತಡೆದುಕೊಳ್ಳಬಹುದಿತ್ತಂತೆ. ಅರವತ್ತು ವರ್ಷ ಈ ಮನುಷ್ಯನಿಗೆ ಬೇಯಿಸಿ ಹಾಕಿದವಳು ನಾನು, ಇವರಿಗೆ ನೆನಪಿರುವುದು ಯಾವನೋ ಮೀಸೆಯವನ ಅಡುಗೆಯೇ ಎಂದು ನೂರಾಳ ಬಾಯಿಂದ ನನ್ನನ್ನು ದಬಾಯಿಸಿದರು. ಮೀಸೆ ಹಚ್ಚಿದ್ದಕ್ಕೆ ನಾನು ಪಶ್ಚಾತ್ತಾಪಪಟ್ಟೆ.

ಇರಲಿ, ಭಾಷೆ ಸಿಕ್ಕಿತಲ್ಲ, ಇನ್ನು ಉಣಿಸುವುದೇನು ಮಹಾ ಎಂದುಕೊಂಡು ನಾನು ಮಂಚದ ಬಳಿ ಹೋಗಿ ಕೈಮುಗಿದು, "ವಣಸ್ ಆಂಡಾ?" ಎಂದೆ. ಊಟವಾಯಿತೇ ಎಂದು. ನೋಖದಾರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎದೆಯ ಮೇಲೆ ಕೈಯಿಟ್ಟು, ನೆಂಟರ ಮನೆಗೆ ಬಂದ ದೊಡ್ಡವರ ಗತ್ತಿನಲ್ಲಿ ಹೇಳಿದರು.

"ಆಂಡ್, ಆಂಡ್."

ಅಜ್ಜ ಮಾತಾಡಿದರು ಎಂದು ನೂರಾ ಚಪ್ಪಾಳೆ ತಟ್ಟಿದಳು. ಐರಿನ್ ಮಾತ್ರ ಚಮಚ ಹಿಡಿದೇ ನಿಂತು, ಏನಂದರು ಎಂದು ಕೇಳಿದಳು. ಊಟ ಆಯಿತಂತೆ ಎಂದೆ.

"ಭಾರೀ ಶಾಣ್ಯಾಕಿ," ಎಂದಳು ಅವಳು, ಹಾಸ್ಟೆಲ್ಲಿನ ದಿನಗಳ ಹುಬ್ಬಳ್ಳಿ ಮಾತಿನಲ್ಲಿ. "ಮೂರು ವಾರ ಉಪವಾಸ ಕೂತವ್ರ ಹತ್ರ ಊಟ ಆಯ್ತು ಅಂತ ಹೇಳಿಸ್ದೆ."

ತಪ್ಪು ನನ್ನದೇ. ನಮ್ಮ ಕರಾವಳಿಯಲ್ಲಿ ಊಟವಾಯಿತೇ ಎಂದು ಕೇಳಿದರೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಆಯಿತು ಎನ್ನುವುದೇ ಮರ್ಯಾದೆ. ಆ ಮರ್ಯಾದೆಯನ್ನೂ ಅವರು ಹಂಚಿನ ಜೊತೆಗೆ ಹಡಗಿಗೆ ಹೇರಿಕೊಂಡು ಬಂದಿದ್ದರು. ಉಣಿಸಬೇಕೆಂದಿದ್ದರೆ ಕೇಳಬಾರದು, ಕರೆಯಬೇಕು. ಎಲೆ ಹಾಕಿ, ಬಡಿಸಿ, ಬನ್ನಿ ಕುಳಿತುಕೊಳ್ಳಿ ಎನ್ನಬೇಕು. ಮಂಚದ ಮೇಲೆ, ಕೊರಳಿಗೆ ಬಟ್ಟೆ ಕಟ್ಟಿ, ಚಮಚದಲ್ಲಿ ಗಂಜಿ ಕೊಟ್ಟರೆ ಆ ಮನುಷ್ಯನಿಗೆ ಅದು ಊಟವೆಂದು ತಿಳಿಯುವುದು ಹೇಗೆ? ಅವರು ಊಟಕ್ಕೇ ಕಾಯುತ್ತಿದ್ದರು. ನಾವು ಕೊಡುತ್ತಿದ್ದದ್ದು ಔಷಧಿ.

ಇದನ್ನು ಹೇಳಿದ ಮೇಲೆ ಐರಿನ್ ಒಂದು ಕ್ಷಣ ಡಾಕ್ಟರ ಅಪ್ಪಣೆಯನ್ನೂ ಅಜ್ಜನ ಮುಖವನ್ನೂ ಮನಸ್ಸಿನಲ್ಲೇ ತೂಗಿ ನೋಡಿದಳು. "ಮುಳ್ಳು ನಾನು ತೆಗೀತೆ. ಯಲ್ಲಾ, ನಡೀರಿ," ಎಂದಳು.

ನಡುಮನೆಯ ನೆಲದಲ್ಲಿ ಬಟ್ಟೆ ಹಾಸಿದರು. ಅನ್ನದ ಹರಿವಾಣ ಬಂತು, ಅದರ ಮೇಲೆ ಬೆಳಗಿನ ಜುಬೈದಿ. ಈಗ ಕರೆಯಬೇಕು. ನಾನು ಕೋಣೆಯ ಬಾಗಿಲಲ್ಲಿ ನಿಂತು ಕರೆದೆ. ಅವರು ನನ್ನನ್ನು ಗುರುತಿಸಿ ಮತ್ತೆ ಎದೆಯ ಮೇಲೆ ಕೈಯಿಟ್ಟು ಆಂಡ್ ಎಂದರು. ನನಗೆ ಒಮ್ಮೆ ಆಯಿತು ಎಂದವರು ಮಾತು ಬದಲಿಸುವ ಪೈಕಿಯಲ್ಲ. ಐರಿನ್ ಕರೆದಳು, ಅವಳ ಬಾಯಲ್ಲಿ ಅದು ಬಾಳೆಯಾಗಿ ಹೊರಟಿತು, ಅಜ್ಜ ಹಣ್ಣು ಬಂತೆಂದು ಹೆದರಿ ಹೊದಿಕೆ ಎಳೆದುಕೊಂಡರು. ನೂರಾ ಬಾಯಿ ತೆರೆದು ನಗು ತಡೆಯಲಾರದೆ ಓಡಿದಳು. ಎಲ್ಲರ ಕಣ್ಣು ಉಮ್ ಖಾಲಿದ್ ಕಡೆ ತಿರುಗಿತು.

ಆಗುವುದಿಲ್ಲ ಎಂದರು ಆಕೆ. ಅದು ಹೆಸರಲ್ಲ ಎಂದು ನಾನು ಮತ್ತೊಮ್ಮೆ ಹೇಳಿದೆ. ಗೊತ್ತು ಎಂದರು. ಗೊತ್ತಾಗಿ ಇನ್ನೂ ಒಂದು ಗಂಟೆಯಾಗಿಲ್ಲ, ಗೊತ್ತಿಲ್ಲದೆ ಅರವತ್ತು ವರ್ಷವಾಗಿದೆ, ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದರು. ಇದನ್ನು ಯಾರೂ ನಗುತ್ತಾ ಅನುವಾದಿಸಲಿಲ್ಲ.

ಐರಿನ್ ಆಕೆಯ ಕೈ ಹಿಡಿದುಕೊಂಡು ತನ್ನ ಆಸ್ಪತ್ರೆಯ ಅರಬಿಯಲ್ಲಿ ಏನೋ ಮೆಲ್ಲಗೆ ಹೇಳಿದಳು. ನಾಳೆ ಡಾಕ್ಟರು ನಳಿಗೆ ತರುತ್ತಾರೆ, ಕೈ ಕಟ್ಟುವವಳು ನಾನೇ, ನನ್ನಿಂದ ಅದನ್ನು ಮಾಡಿಸಬೇಡಿ ಎಂದಳಂತೆ. ಅಜ್ಜಿ ಬಗ್ಗಿ ಹರಿವಾಣವನ್ನು ಗಂಡ ಕೂರುವ ಕಡೆಗೆ ಸರಿಸಿದರು. ಆಮೇಲೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಬಾಗಿಲಿಗೆ ಹೋಗಿ, ಚೌಕಟ್ಟು ಹಿಡಿದುಕೊಂಡು, ಕಹಿ ಗುಳಿಗೆ ಉಗುಳುವವರಂತೆ ಹೇಳಿದರು.

"ಬಲೆ."

ಮುದುಕರು ತಲೆ ಎತ್ತಿದರು. ಆಕೆ ಇನ್ನೊಮ್ಮೆ ಹೇಳಿದರು, ಈ ಸಲ ರಾಗ ಬಂತು. ಅರವತ್ತು ವರ್ಷ ನಿದ್ದೆಗೆಟ್ಟು ಕೇಳಿಸಿಕೊಂಡ ರಾಗವಲ್ಲವೇ, ನನಗಿಂತ ಚೆನ್ನಾಗಿ ಬರುತ್ತಿತ್ತು. "ಬಲೆ, ಬಲೆ, ವಣಸ್." ನೋಖದಾ ಕೊರಳಿನ ಬಟ್ಟೆಯನ್ನು ತಾವೇ ಕಿತ್ತು ಹಾಕಿ, ಕಾಲು ಕೆಳಗಿಟ್ಟರು. ಐರಿನ್ ಒಂದು ಕಡೆ, ನೂರಾ ಒಂದು ಕಡೆ ಹಿಡಿದುಕೊಂಡರು. ನೆಲದ ಮೇಲೆ ಕುಳಿತು, ಕೈ ತೊಳೆದು, ಅನ್ನ ಮೀನು ಕಲಸಿ, ಸಣ್ಣ ಉಂಡೆ ಕಟ್ಟಿ ಬಾಯಿಗಿಟ್ಟರು. ಐರಿನ್ ಅವರ ಗಂಟಲನ್ನೇ ನೋಡುತ್ತಾ ಕುಳಿತಳು. ತುತ್ತು ಇಳಿಯಿತು. ಇನ್ನೊಂದು ಉಂಡೆ ಕಟ್ಟಿದರು. ನನಗೆ ಅಳು ಬಂತು, ಅತ್ತೆ.

ಕೆಲವು ತುತ್ತಾದ ಮೇಲೆ ಅವರು ಹರಿವಾಣ ನೋಡಿ ತಲೆಯಾಡಿಸಿ, "ಎಡ್ಡೆ," ಎಂದರು. ಅಜ್ಜಿ ನನ್ನತ್ತ ನೋಡಿದರು. ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದೆ. ಮಾತು ಮೂರು ಭಾಷೆ ದಾಟಿ ಆಕೆಗೆ ಮುಟ್ಟಿತು, ಉತ್ತರ ಮೂರು ಭಾಷೆ ದಾಟಿ ನನಗೆ ಬಂತು. ಇಷ್ಟು ವರ್ಷದಲ್ಲಿ ಅರಬಿಯಲ್ಲಿ ಒಮ್ಮೆಯೂ ಹೇಳಿದ್ದಿಲ್ಲ, ಅರಬಿಯಲ್ಲಿ ಆ ಮಾತಿಗೇನು ಬರಗಾಲವೇ ಎಂದರಂತೆ. ಹಾಗೆನ್ನುತ್ತಲೇ ಮೀನಿನ ನಡುತುಂಡನ್ನು ಮುರಿದು, ಐರಿನ್ ಮುಳ್ಳು ತೆಗೆಯಲು ಬರುವ ಮುಂಚೆ ತಾನೇ ತೆಗೆದು, ಗಂಡನ ಮುಂದೆ ಸರಿಸಿ, ಮತ್ತೆ ಬಾಗಿಲಿನ ಬಳಿ ಹೋಗಿ ನಿಂತರು. ಗಂಡ ಉಣ್ಣುವಾಗ ನಿಂತು ಬಡಿಸಿಯೇ ರೂಢಿ ಆಕೆಗೆ.

ನೋಖದಾ ಉಣ್ಣುವುದನ್ನು ನಿಲ್ಲಿಸಿದರು. ಇಷ್ಟಕ್ಕೇ ಸಾಕಾಯಿತೇ ಎಂದು ಐರಿನ್ ಗಾಬರಿಯಾದಳು. ಅವರು ನಮ್ಮನ್ನೆಲ್ಲ ದಾಟಿ ಬಾಗಿಲಿನ ಕಡೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಕೊಂಚ ಪಕ್ಕಕ್ಕೆ ಸರಿದು ಜಾಗ ಮಾಡಿ, ಎಡಗೈಯಿಂದ ನೆಲವನ್ನು ಮೆಲ್ಲಗೆ ತಟ್ಟಿ, ಹೆಂಡತಿಗೆ ಹೇಳಿದರು.

"ಬಲೆ."

ಉಮ್ ಖಾಲಿದ್ ಯಾರನ್ನೂ ಅರ್ಥ ಕೇಳಲಿಲ್ಲ. ಹೋಗಿ ಕುಳಿತರು.